ಗಾಯಗೊಂಡವರು: ಸೊನ್ನೆ

ಸರ್ಕಾರಿ ಕೆಲಸದಲ್ಲಿ ನಾನು ಬರೆದ ಸುಳ್ಳುಗಳಲ್ಲಿ ಹೆಚ್ಚಿನವು ಬೇರೆಯವರು ಹೇಳಿ ಬರೆಸಿದವು. ಒಂದನ್ನು ಮಾತ್ರ ಸ್ವಂತ ಬುದ್ಧಿಯಿಂದ, ಪುಣ್ಯದ ಕೆಲಸವೆಂದು ತಿಳಿದು, ದುಂಡಗೆ ಬರೆದೆ. ಅದು ಒಂದು ಸೊನ್ನೆ. ಹಾನಿ ಸಮೀಕ್ಷೆಯ ನಮೂನೆಯಲ್ಲಿ ‘ಗಾಯಗೊಂಡವರು’ ಎಂಬ ಕಲಂ ಇರುತ್ತದಲ್ಲ, ಅದರ ಎದುರಿಗೆ. ನಾನು ಅದನ್ನು ಬರೆಯುವ ಹೊತ್ತಿಗೆ ಕಾಲು ಮುರಿದ ಅಜ್ಜಿಯೊಬ್ಬಳು ನಮ್ಮತ್ತೆಯ ಹೆಸರಿನಲ್ಲಿ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದಳು.

ನಾನು ಗ್ರಾಮ ಲೆಕ್ಕಾಧಿಕಾರಿ. ಈಗ ಆ ಹುದ್ದೆಗೆ ಗ್ರಾಮ ಆಡಳಿತಾಧಿಕಾರಿ ಎಂದು ದೊಡ್ಡ ಹೆಸರಿಟ್ಟಿದ್ದಾರೆ. ಕುರ್ಚಿ ಮಾತ್ರ ಅದೇ ಹಳೆಯದು, ಒಂದು ಕಾಲು ಗಿಡ್ಡ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಕೆಲಸ ಮಾಡಿದ್ದೇನೆ. ಇದು ನಡೆದದ್ದು ಎಲ್ಲಿಯ ಕಚೇರಿಯಲ್ಲಿ ಎಂದು ಹೇಳುವುದಿಲ್ಲ. ಮೂರೂ ಕಡೆಯವರಿಗೆ ‘ಅಯ್ಯೋ, ಅದು ನಮ್ಮಲ್ಲಲ್ಲ ಮಾರಾಯ್ರೇ’ ಎನ್ನಲು ಅನುಕೂಲವಾಗಲಿ.

ಆ ವರ್ಷ ಮಳೆಗಾಲದ ನಡುವೆ ಒಂದು ಬೆಳಗ್ಗೆ ಹಿನ್ನೀರಿನ ಅಂಚಿನ ಗುಡ್ಡವೊಂದು ಅರ್ಧಕ್ಕರ್ಧ ಜಾರಿ ನೀರಿಗೆ ಬಿತ್ತು. ಬಿದ್ದ ರಭಸಕ್ಕೆ ನೀರು ಎದ್ದು ಎದುರು ದಡಕ್ಕೆ ಹೋಗಿ ಬಡಿಯಿತು. ಈಚೆ ದಡದಲ್ಲಿ ನಿಂತು ಯಾರೋ ಮೊಬೈಲಿನಲ್ಲಿ ಅದನ್ನು ತೆಗೆದಿದ್ದರು. ಮಧ್ಯಾಹ್ನದೊಳಗೆ ಟಿವಿಯವರು ‘ಮಲೆನಾಡಿಗೂ ಬಂತು ಸುನಾಮಿ’ ಎಂದು ಕೆಂಪಕ್ಷರದಲ್ಲಿ ಹಾಕಿ, ಹಿಂದಿನಿಂದ ಚೆಂಡೆ ಬಾರಿಸಿದರು. ಕಡಲಿಗೂ ನಮಗೂ ನಡುವೆ ಹುಲಿಕಲ್ ಘಾಟಿ ಇದೆ. ಅಷ್ಟು ಎತ್ತರ ಹತ್ತಿ ಸುನಾಮಿ ಬಂದಿದ್ದರೆ ಕೆಳಗೆ ಯಾರೂ ಉಳಿದಿರುತ್ತಿರಲಿಲ್ಲ ಎಂಬುದು ಟಿವಿಯವರಿಗೆ ಹೊಳೆಯಲಿಲ್ಲ. ಮೇಲಿನ ಕಚೇರಿಗೂ ಹೊಳೆಯಲಿಲ್ಲ. ಮೂರನೆಯ ದಿನ ಬೆಳಗ್ಗೆ ನನ್ನ ಕೈಗೆ ಬಂದ ನಮೂನೆ ಕರಾವಳಿಯದು. ಕೊಚ್ಚಿಹೋದ ಮೀನುಗಾರಿಕಾ ದೋಣಿಗಳೆಷ್ಟು, ಹರಿದ ಬಲೆಗಳೆಷ್ಟು, ಹಾಳಾದ ಉಪ್ಪಿನ ಗದ್ದೆಗಳೆಷ್ಟು.

‘ಸರ್, ಇಲ್ಲಿ ಉಪ್ಪಿನ ಗದ್ದೆ ಎಲ್ಲಿಂದ ತರಲಿ?’ ಎಂದು ಸಾಹೇಬರನ್ನು ಕೇಳಿದೆ.

‘ಇಲ್ಲದಿದ್ರೆ ಸೊನ್ನೆ ಹಾಕ್ರೀ. ಯಾವ ಕಲಮೂ ಖಾಲಿ ಇರಬಾರದು. ಸಂಜೆ ಐದಕ್ಕೆ ರಿಪೋರ್ಟ್ ಹೋಗಬೇಕು’ ಎಂದರು. ಆಮೇಲೆ ದನಿ ಇಳಿಸಿ, ‘ಎದುರು ದಡದಲ್ಲಿ ನಮ್ಮ ದಾಖಲೆ ಪ್ರಕಾರ ಜನವಸತಿ ಇಲ್ಲ. ಅದನ್ನು ನೆನಪಿಟ್ಕೊಂಡು ಹೋಗಿ’ ಎಂದರು.

ಜನವಸತಿ ಇಲ್ಲದ ಆ ದಡದಿಂದ ದಿನಾ ಬೆಳಗ್ಗೆ ಡೈರಿಗೆ ಹಾಲು ಬರುತ್ತಿತ್ತು. ಅಲ್ಲಿ ಹನ್ನೊಂದು ಮನೆಗಳಿದ್ದವು. ಅಣೆಕಟ್ಟಿನ ನೀರು ಏರಿದಾಗ ಹಿಂದಿನವರು ಊರು ಬಿಟ್ಟು ಗುಡ್ಡ ಹತ್ತಿ ಕೂತ ಜಾಗ ಅದು. ಕಾಗದದಲ್ಲಿ ಕಾಡು. ಹಕ್ಕುಪತ್ರವಿಲ್ಲ, ಮನೆ ನಂಬರಿಲ್ಲ, ನಕ್ಷೆಯಲ್ಲಿ ಹೆಸರೂ ಇಲ್ಲ. ಎಷ್ಟೋ ಅರ್ಜಿಗಳು ಹೋಗಿದ್ದವು. ಅವುಗಳಲ್ಲಿ ಕೆಲವನ್ನು ನಾನೇ ಕಟ್ಟಿ ಕಪಾಟಿನಲ್ಲಿಟ್ಟಿದ್ದೆ.

ನನ್ನನ್ನು ದಾಟಿಸಿದ ದೋಣಿಯವನು ಅವರ ಹಾಲು ತರುವವನೇ. ಸ್ವಲ್ಪ ದೂರ ಹೋದ ಮೇಲೆ ಹುಟ್ಟು ಹಾಕುವುದನ್ನು ನಿಲ್ಲಿಸಿ, ನೀರಿಗೆ ಹೇಳುವವನ ಹಾಗೆ ಹೇಳಿದ.

‘ಅಲ್ಲಿ ಯಾರಿಗೋ ಕಾಲು ಮುರ್ದದೆ ಮೇಡಮ್ಮೋರೆ. ಮೂರು ದಿನಾತು. ಹೊರಗೆ ಬಿಡ್ತಾ ಇಲ್ಲ. ನಾ ಹೇಳ್ದೆ ಅಂತ ಹೇಳ್ಬೇಡಿ, ನಾಳೆಯಿಂದ ನಂಗೆ ಹಾಲು ಕೊಡಂಗಿಲ್ಲ.’

‘ಯಾರಿಗೆ?’

‘ಅದನ್ನೂ ಹೇಳಂಗಿಲ್ಲ.’

ಹಾಗಾಗಿ ದೋಣಿ ಇಳಿಯುವಾಗ ನನ್ನ ತಲೆಯಲ್ಲಿ ಉಪ್ಪಿನ ಗದ್ದೆ ಇರಲಿಲ್ಲ. ಮೂರು ದಿನದಿಂದ ಮುರಿದುಕೊಂಡು ಬಿದ್ದಿರುವ ಒಂದು ಕಾಲು ಇತ್ತು. ಅದು ಯಾರದೆಂದು ಪತ್ತೆ ಹಚ್ಚಿ, ಅದೇ ದೋಣಿಯಲ್ಲಿ ಈಚೆಗೆ ತರಬೇಕು.

ಟಿವಿಯಲ್ಲಿ ಬಾಗಿಲು ಹಾಕಿಕೊಂಡ ದೇಶಗಳ ಸುದ್ದಿ ಬರುತ್ತದೆ. ಸಮುದ್ರ ನುಗ್ಗಿ ಊರಿಗೂರೇ ತೊಳೆದುಹೋದರೂ ‘ನಮಗೇನೂ ಆಗಿಲ್ಲ, ಯಾರೂ ಬರಬೇಡಿ’ ಎನ್ನುತ್ತಾರೆ. ನೆರವಿನವರು ಹೋದರೆ ಅವರ ಹಿಂದೆ ಮುಂದೆ ಜನ, ತೋರಿಸಿದ್ದನ್ನಷ್ಟೇ ನೋಡಬೇಕು. ‘ಎಂಥ ಜನ ಇವರು, ಸಾಯುವವರನ್ನೂ ಮುಚ್ಚಿಡುತ್ತಾರಲ್ಲ’ ಎಂದು ನಾನೂ ನಮ್ಮತ್ತೆಯೂ ಹಲಸಿನ ಹಪ್ಪಳ ತಿನ್ನುತ್ತ ಎಷ್ಟು ಸಲ ಬೈದಿದ್ದೇವೋ. ಅಂಥ ದೇಶ ನೋಡಲು ವಿಮಾನವೇ ಬೇಕು ಅಂದುಕೊಂಡಿದ್ದೆ. ಕಾಲು ಗಂಟೆ ದೋಣಿ ಸಾಕಾಯಿತು.

ದಡದಲ್ಲಿ ಒಬ್ಬ ಅಜ್ಜ ಕಾಯುತ್ತಿದ್ದ. ಆ ಹನ್ನೊಂದು ಮನೆಗೆ ಅವನೇ ದೊಡ್ಡವನು, ಅವನೇ ಬಾಯಿ. ಹಿಂದೆ ಇಬ್ಬರು ಗಂಡಸರು, ಒಬ್ಬನ ಹೆಗಲ ಮೇಲೆ ಕತ್ತಿ. ಕಣ್ಣಿಗೆ ಕಾಣುವಷ್ಟು ದೂರ ಎರಡು ದನದ ಕೊಟ್ಟಿಗೆ ಬಿಟ್ಟರೆ ಏನಿಲ್ಲ. ಮೇಲಕ್ಕೆ ಹೋಗುವ ದಾರಿಗೆ ಹೊಸದಾಗಿ ಮುಳ್ಳು ಕಡಿದು ಬೇಲಿ ಹಾಕಿದ್ದರು. ಕಡಿದ ತುದಿಯಲ್ಲಿ ಇನ್ನೂ ಹಾಲು ಜಿನುಗುತ್ತಿತ್ತು.

‘ಇಲ್ಲಿ ಯಾರೂ ಇಲ್ಲ ಮೇಡಮ್ಮೋರೆ’ ಎಂದ ಅಜ್ಜ, ನಾನು ಕೇಳುವ ಮೊದಲೇ. ‘ದನ ಮೇಯ್ಸಕೆ ಬರ್ತೀವಿ. ಸಂಜೆಗೆ ಹೋಗ್ತೀವಿ.’

‘ಎಲ್ಲಿಗೆ ಹೋಗ್ತೀರಿ?’

‘ಆಚೆಗೆ.’

‘ಆಚೆ ಅಂದ್ರೆ?’

‘ಆಚೆ ಅಂದ್ರೆ ಆಚೆ’ ಎಂದು ಮೂರು ದಿಕ್ಕಿಗೆ ಕೈ ತೋರಿಸಿದ.

ಯಾರೂ ಇಲ್ಲದ ಆ ಜಾಗದಲ್ಲಿ ನನಗೆ ಕೂರಲು ಪ್ಲಾಸ್ಟಿಕ್ ಕುರ್ಚಿ ಬಂತು. ಕುಡಿಯಲು ಬೆಲ್ಲ, ನೀರು ಬಂತು. ಆಮೇಲೆ ಇಂಗಿನ ಒಗ್ಗರಣೆ ಹಾಕಿದ ಮಜ್ಜಿಗೆಯೂ ಬಂತು. ಒಗ್ಗರಣೆ ಎಲ್ಲಿ ಹಾಕಿದಿರಿ ಎಂದು ಕೇಳಿದರೆ ಅಜ್ಜ ಆಕಾಶ ನೋಡಿದ. ಅಷ್ಟರಲ್ಲಿ ಮೇಲಿನಿಂದ ಹುಂಜ ಕೂಗಿತು.

‘ಕಾಡುಕೋಳಿ’ ಎಂದ.

ಸ್ವಲ್ಪ ಹೊತ್ತಿಗೆ ಬೇಲಿಯ ಆಚೆ ಎಲ್ಲೋ ಕುಕ್ಕರ್ ಕೂಗಿತು. ಒಂದು, ಎರಡು, ಮೂರು. ಕತ್ತಿಯವನು ತಲೆ ತಗ್ಗಿಸಿದ. ಅಜ್ಜ ಮಾತ್ರ ಕಣ್ಣು ಮಿಟುಕಿಸಲಿಲ್ಲ.

‘ಅದೊಂದು ಹಕ್ಕಿ’ ಎಂದ.

‘ಅನ್ನ ಆದ ಕೂಡ್ಲೆ ಸುಮ್ಮನಾಗೋ ಹಕ್ಕಿಯಾ?’ ಎಂದೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನೇನು ಅವರ ಮನೆ ಕೀಳಲು ಬಂದವಳೇ? ಸಹಾಯ ಮಾಡಲು ಬಂದರೆ ಹಕ್ಕಿ ಕಥೆ ಹೇಳುತ್ತಾನಲ್ಲ ಮುದುಕ! ಸುತ್ತ ತೋರಿಸಿ ಎಂದೆ. ಮೂವರೂ ನನ್ನನ್ನು ನಡುವೆ ಹಾಕಿಕೊಂಡು ಹೊರಟರು. ಹುಲ್ಲಿನ ಇಳಿಜಾರು ತೋರಿಸಿದರು, ಒಂದು ಹುತ್ತ ತೋರಿಸಿದರು, ಅಲೆ ಬಡಿದು ಬಿದ್ದ ಒಂದು ಹೊನ್ನೆಮರ ತೋರಿಸಿದರು. ನಾನು ಎಡಕ್ಕೆ ತಿರುಗಿದರೆ ಅಲ್ಲಿ ರಕ್ತ ಹೀರುವ ಇಂಬಳ ಅಂದರು, ಬಲಕ್ಕೆ ತಿರುಗಿದರೆ ಅಲ್ಲಿ ಕಾಳಿಂಗ ಅಂದರು.

‘ಯಾರಿಗಾದ್ರೂ ಪೆಟ್ಟಾಗಿದ್ಯಾ?’ ಎಂದು ನೇರವಾಗಿಯೇ ಕೇಳಿದೆ.

‘ಪೆಟ್ಟಾಗಕೆ ಜನ ಬೇಕಲ್ಲ’ ಎಂದ ಅಜ್ಜ.

ನಾನು ಬೈದೆ. ಚೆನ್ನಾಗಿಯೇ ಬೈದೆ. ಗಾಯ ಕೊಳೆತರೆ ಯಾರು ಹೊಣೆ, ನಾಳೆ ನಂಜಾದರೆ ಯಾರು ಹೊಣೆ, ನಿಮಗೆ ಮನುಷ್ಯತ್ವ ಇದೆಯಾ ಎಂದೆಲ್ಲ. ಅಜ್ಜ ಎಲ್ಲ ಕೇಳಿಸಿಕೊಂಡ. ಕೊನೆಗೆ ಒಂದೇ ಮಾತು ಹೇಳಿದ. ಕೆಲವು ವರ್ಷದ ಕೆಳಗೆ ಒಬ್ಬರು ಬಂದಿದ್ದರಂತೆ. ಎಲ್ಲರಿಗೂ ಶೌಚಾಲಯ ಕೊಡುತ್ತೇವೆ ಎಂದು ಮನೆ ಮನೆಯ ಎದುರು ಜನರನ್ನು ನಿಲ್ಲಿಸಿ ಫೋಟೋ ತೆಗೆದರಂತೆ. ‘ಕಕ್ಕಸು ಬರ್ಲಿಲ್ಲ. ನೋಟೀಸು ಬಂತು. ಅದ್ರಲ್ಲಿ ಅದೇ ಫೋಟೋ ಇತ್ತು. ನಾವೆಲ್ಲ ನಗ್ತಾ ನಿಂತಿದ್ವಿ.’

ಅದನ್ನು ಕೇಳಿ ನನಗೆ ಇನ್ನಷ್ಟು ಸಿಟ್ಟು ಬಂತು. ‘ಹಾಳಾಗಿ ಹೋಗಿ, ನಂಗೇನು’ ಎಂದು ಚೀಲ ಹೆಗಲಿಗೇರಿಸಿ ದೋಣಿಯ ಕಡೆ ನಡೆದೆ. ನಿಜ ಹೇಳಬೇಕೆಂದರೆ ಹೋಗಿಯೇಬಿಡುತ್ತಿದ್ದೆ. ಸಂಜೆ ಐದು ಗಂಟೆ ಹತ್ತಿರವಾಗುತ್ತಿತ್ತು. ಒಂದು ಕಾಲು ದೋಣಿಯಲ್ಲಿಟ್ಟಾಗಿತ್ತು.

ಆಗ ಬೇಲಿಯ ಆಚೆಯಿಂದ, ಗುಡ್ಡಕ್ಕೆ ಬಡಿದು ವಾಪಸ್ಸು ಬರುವಂತೆ, ಒಂದು ಹೆಂಗಸಿನ ಕೂಗು ಬಂತು.

‘ಏಯ್! ಮುತ್ತೈದೆನ ಬರಿ ಹಣೇಲಿ ಕಳಿಸ್ತೀರನ್ರೋ! ಕುಂಕುಮ ಕೊಡ್ರೋ! ಟ್ರಂಕಲ್ಲಿ ರವಿಕೆ ಕಣ ಐತಿ, ಕೊಟ್ಟು ಕಳಿಸ್ರೋ!’

ಯಾರೂ ಅಲುಗಾಡಲಿಲ್ಲ. ಮನೆಯಿಲ್ಲದ ಕಾಡಿನಲ್ಲಿ ಕುಂಕುಮ, ಟ್ರಂಕು, ರವಿಕೆ ಕಣ! ಇದಕ್ಕೆ ಯಾವ ಹಕ್ಕಿಯ ಹೆಸರು ಹೇಳಬೇಕೆಂದು ಅಜ್ಜನಿಗೂ ತಿಳಿಯಲಿಲ್ಲ. ಅವನು ಅಲ್ಲೇ ಕಲ್ಲಿನ ಮೇಲೆ ಕುಕ್ಕರಿಸಿ, ಟವೆಲಿನಿಂದ ಮುಖ ಮುಚ್ಚಿಕೊಂಡ. ನಾನು ಬೇಲಿಯ ಮುಳ್ಳು ಸರಿಸಿ ಮೇಲೆ ಹತ್ತಿದೆ. ಸೀರೆ ಎರಡು ಕಡೆ ಹರಿಯಿತು. ತಡೆಯಲು ಯಾರೂ ಬರಲಿಲ್ಲ.

ತಿರುವಿನ ಆಚೆ ಊರಿಗೆ ಊರೇ ಇತ್ತು. ಹೆಂಚಿನ ಮನೆಗಳು, ತುಳಸಿಕಟ್ಟೆ, ಸೋಲಾರ್ ದೀಪ, ಬಾಗಿಲುಗಳ ಹಿಂದೆ ಉಸಿರು ಬಿಗಿಹಿಡಿದ ಹೆಂಗಸರು. ಕೆಳಗಿನ ಮನೆಯ ಅರ್ಧ ಗೋಡೆ ಅಲೆಗೆ ಕುಸಿದಿತ್ತು. ಉಳಿದರ್ಧದಲ್ಲಿ ಚಾಪೆಯ ಮೇಲೆ ಅಜ್ಜಿ. ಅವತ್ತು ಪಾತ್ರೆ ತೊಳೆಯಲು ನೀರಿನ ಹತ್ತಿರ ಇಳಿದಿದ್ದಳಂತೆ. ಅಲೆ ಎತ್ತಿ ಮೆಟ್ಟಿಲ ಕಲ್ಲಿಗೆ ಹೊಡೆದಿತ್ತು. ಬಲಗಾಲಿಗೆ ಬಿದಿರಿನ ದಬ್ಬೆ ಕಟ್ಟಿ, ಎಂಥದೋ ಸೊಪ್ಪು ಅರೆದು ಮೆತ್ತಿದ್ದರು. ಕಾಲು ಕುಂಬಳಕಾಯಿಯಷ್ಟು ಊದಿತ್ತು. ಆಕೆ ಆ ಅಜ್ಜನ ಹೆಂಡತಿ.

‘ಬಾ ತಂಗಿ, ಕೂತ್ಕ’ ಎಂದಳು. ಮೊದಲು ಕುಂಕುಮ ಇಟ್ಟಳು. ಟ್ರಂಕು ತೆಗೆಸಿ, ಹಸಿರು ರವಿಕೆ ಕಣ, ಎರಡು ವೀಳ್ಯದೆಲೆ, ಒಂದು ಅಡಿಕೆ ಕೈಗೆ ಕೊಟ್ಟಳು. ಜ್ವರದಲ್ಲಿ ಅವಳ ಬೆರಳು ಸುಡುತ್ತಿತ್ತು.

ಅಜ್ಜ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ. ‘ಕರ್ಕಂಡು ಹೋಗಿ ಮೇಡಮ್ಮೋರೆ. ಆದ್ರೆ ಬರೀಬೇಡಿ. ಕಾಲು ಹೋದ್ರೆ ನಮ್ಮೊಂದು ಮನೇದು. ಬರೆದ್ರೆ ಹನ್ನೊಂದು ಮನೆ ಹೋಗ್ತವೆ’ ಎಂದು ಕೈ ಮುಗಿದ. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

‘ಬರೆಯೋದಿಲ್ಲ ಅಜ್ಜ. ಈ ಕುಂಕುಮದಾಣೆಗೂ ಬರೆಯೋದಿಲ್ಲ’ ಎಂದೆ. ನನ್ನ ಮಾತು ನನಗೇ ಬಹಳ ಚೆನ್ನಾಗಿ ಕೇಳಿಸಿತು. ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿದಳು. ನೋವಿಗೆ ಇರಬೇಕು ಅಂದುಕೊಂಡೆ.

ಪ್ಲಾಸ್ಟಿಕ್ ಕುರ್ಚಿಗೆ ಎರಡು ಗಳ ಕಟ್ಟಿ ಆಕೆಯನ್ನು ಇಳಿಸಿದರು. ದೋಣಿ, ಆಮೇಲೆ ಆಟೋ, ಆಮೇಲೆ ಆಸ್ಪತ್ರೆ. ಎಲ್ಲಿ ಬಿದ್ದರು ಎಂದು ಕೇಳಿದಾಗ ನಾನು ಕಣ್ಣು ಮಿಟುಕಿಸದೆ, ‘ನಮ್ಮತ್ತೆ. ಬಚ್ಚಲಲ್ಲಿ ಜಾರಿದ್ರು’ ಎಂದೆ. ಅಜ್ಜನಿಂದ ಅಷ್ಟಾದರೂ ಕಲಿತಿದ್ದೆ. ತೀರ್ಥಹಳ್ಳಿಯಲ್ಲಿ ಗಟ್ಟಿಮುಟ್ಟಾಗಿ ಹಪ್ಪಳ ಒತ್ತುತ್ತಿದ್ದ ನಮ್ಮತ್ತೆಗೆ ಮರುದಿನದಿಂದ ನೆಂಟರ ಫೋನುಗಳು ಶುರುವಾದವು. ‘ಏನೇ, ನನ್ನ ಕಾಲು ಮುರಿಸಿದ್ಯಂತೆ? ಮೊದಲೇ ಹೇಳಿದ್ರೆ ನಾನೂ ಮಲಗಿರ್ತಿದ್ದೆ, ಕೆಲಸ ನೀನು ಮಾಡ್ಕೋತಿದ್ದೆ’ ಎಂದು ನನಗೆ ಮಂಗಳಾರತಿ ಆಯಿತು.

ಐದು ಗಂಟೆ ದಾಟಿದ ಮೇಲೆ, ರಿಪೋರ್ಟು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆದೆ. ಮನೆ ಹಾನಿ ಸೊನ್ನೆ. ದೋಣಿ ಸೊನ್ನೆ, ಬಲೆ ಸೊನ್ನೆ, ಉಪ್ಪಿನ ಗದ್ದೆ ಸೊನ್ನೆ. ಗಾಯಗೊಂಡವರು ಸೊನ್ನೆ. ತುರ್ತು ಅಗತ್ಯಗಳು: ಇಲ್ಲ. ಸಾಹೇಬರಿಗೆ ಪರಮಾನಂದ. ಸುನಾಮಿ ಬಂದರೂ ಒಂದು ಬಲೆ ಸಹ ಹರಿಯದ ತಾಲ್ಲೂಕು ದೇಶದಲ್ಲಿ ಇನ್ನೊಂದಿಲ್ಲ ಎಂದು ಮೇಲಿನವರು ಫೋನಿನಲ್ಲೇ ಮೆಚ್ಚಿದರಂತೆ. ಮುಂಜಾಗ್ರತೆಯ ಫಲ ಎಂದು ಸಾಹೇಬರು ಮೀಟಿಂಗಿನಲ್ಲಿ ಭಾಷಣ ಮಾಡಿದರು. ಹದಿನೈದು ದಿನದ ಮೇಲೆ ಎಲ್ಲಿಂದಲೋ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟುಗಳ ಒಂದು ಮೂಟೆ ಬಂತು. ಅವು ರೆಕಾರ್ಡ್ ರೂಮಿನಲ್ಲಿವೆ. ಬೆಕ್ಕೊಂದು ಅವುಗಳ ಮೇಲೆ ಎರಡು ಸಲ ಮರಿ ಹಾಕಿತು.

ಅಜ್ಜಿಯ ಕಾಲು ಉಳಿಯಿತು. ಆದರೆ ಮೂರು ದಿನ ತಡವಾಗಿದ್ದಕ್ಕೆ ಗಿಡ್ಡವಾಗಿ ಕೂಡಿಕೊಂಡಿತು, ಜೀವನಪೂರ್ತಿ ಕೋಲು. ನಾನಂತೂ ಎರಡೂ ದೇಶಗಳನ್ನು ಒಟ್ಟಿಗೆ ಗೆದ್ದವಳ ಹಾಗೆ ತಿರುಗಾಡಿದೆ. ಕಚೇರಿಗೆ ಬೇಕಾದ ಸೊನ್ನೆ ಕೊಟ್ಟೆ, ಅಜ್ಜನಿಗೆ ಬೇಕಾದ ಸೊನ್ನೆಯೂ ಅದೇ ಆಗಿತ್ತು. ಮನೆಯಲ್ಲಿ, ಅಕ್ಕತಂಗಿಯರ ನಡುವೆ, ಕುಂಕುಮದ ಕಥೆಯನ್ನು ಅಭಿನಯ ಸಮೇತ ಹೇಳಿ ಎಲ್ಲರ ಹೊಟ್ಟೆ ಹುಣ್ಣಾಗಿಸುತ್ತಿದ್ದೆ. ‘ಅಲ್ಲಾ, ಇಡೀ ಊರು ಸೇರಿ ಮುಚ್ಚಿಟ್ಟಿದ್ದನ್ನ ಒಂದು ಚಿಟಿಕೆ ಕುಂಕುಮಕ್ಕೆ ಬಯಲು ಮಾಡ್ಬಿಟ್ಲಲ್ಲ ಮುದುಕಿ! ನಮ್ಮೂರ ಹೆಂಗಸರ ಹತ್ರ ಗುಟ್ಟು ನಿಲ್ಲತ್ತಾ?’ ಎಂದು ಕೊನೆಯಲ್ಲಿ ಸೇರಿಸುತ್ತಿದ್ದೆ.

ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ, ಕಚೇರಿಯ ಕೆಲಸವಲ್ಲದೆ, ಬಾಳೆಹಣ್ಣು ಹಿಡಿದು ಆ ದಡಕ್ಕೆ ಹೋದೆ. ಈ ಸಲ ಬೇಲಿ ಇರಲಿಲ್ಲ. ಅಜ್ಜ ಗೋಡೆಗೆ ಮಣ್ಣು ಮೆತ್ತುತ್ತಿದ್ದವನು ಕೈ ತೊಳೆದುಕೊಂಡು ಬಂದು, ‘ದೇವರು ಬಂದಂಗೆ ಬಂದ್ರಿ’ ಎಂದು ಕುರ್ಚಿ ಹಾಕಿ, ಎಳನೀರು ಕೊಯ್ಯಲು ಹೋದ. ಅಜ್ಜಿ ಜಗಲಿಯಲ್ಲಿ ಕೋಲು ಪಕ್ಕಕ್ಕಿಟ್ಟು ಕೂತಿದ್ದಳು. ಅವನು ದೂರ ಹೋಗುವುದನ್ನೇ ಕಾದು ಕೇಳಿದಳು.

‘ಅವತ್ತು ಬರ್ದ್ಯನೇ ತಂಗಿ, ನನ್ನ ಹೆಸರ?’

‘ಇಲ್ಲಜ್ಜಿ’ ಎಂದೆ ಹೆಮ್ಮೆಯಿಂದ. ‘ಮಾತು ಕೊಟ್ಟಿದ್ನಲ್ಲ.’

‘ಯಾರಿಗೆ?’

‘ಅಜ್ಜಂಗೆ.’

‘ಹೌದು. ಅವರಿಗೆ ಕೊಟ್ಟೆ’ ಎಂದಳು. ‘ನನ್ನ ಕೇಳ್ಲಿಲ್ಲ.’

ನಾನು ತಂದ ಬಾಳೆಹಣ್ಣನ್ನು ಪಕ್ಕಕ್ಕೆ ಸರಿಸಿ ಅವಳೇ ಮುಂದುವರಿಸಿದಳು.

‘ಕುಂಕುಮಕ್ಕೆ ಕೂಗ್ದೆ ಅಂದ್ಕಂಡ್ಯಾ? ನೀ ಬರೋ ಮುಂಚೆ ಇವರು ನನ್ನ ಕೈಲಿ ಆಣೆ ಹಾಕ್ಸಿದ್ರು, ನೋವು ಅಂತ ಕೂಗಬಾರ್ದು, ಉಸಿರೆತ್ತಬಾರ್ದು ಅಂತ. ನಾನೂ ಹಲ್ಲು ಕಚ್ಕಂಡು ಬಿದ್ದಿದ್ದೆ. ನೀ ದೋಣಿ ಹತ್ತದು ಕೇಳ್ತು. ಕಾಲಿಗೆ ಅಂತ ಕೂಗಿದ್ರೆ ಹನ್ನೊಂದು ಮನೆಯವರೂ ನನ್ನ ಶಪಿಸ್ತಿದ್ರು. ಕುಂಕುಮಕ್ಕೆ ಕೂಗಿದ್ರೆ ಯಾರೂ ಎಂತದೂ ಅನ್ನಂಗಿಲ್ಲ. ಅದಕ್ಕೆ ಕೂಗ್ದೆ.’

ಆಮೇಲೆ ನಿಧಾನಕ್ಕೆ ಹೇಳಿದಳು. ತವರುಮನೆ ನೀರಿನಡಿಗೆ ಹೋಯಿತು. ಗಂಡನ ಮನೆ ಕಾಗದದಲ್ಲಿಲ್ಲ. ಎಪ್ಪತ್ತು ದಾಟಿದರೂ ತನ್ನ ಹೆಸರು ಯಾವ ಪಟ್ಟಿಯಲ್ಲೂ, ಯಾವ ಪುಸ್ತಕದಲ್ಲೂ ಇಲ್ಲ. ‘ಸರ್ಕಾರ ಅಂತ ನೀ ಒಬ್ಳು ಬಂದೆ. ಮನೆಯೊಳಗೆ ಕೂತೆ. ಈಗಾದ್ರೂ ಬರೀತಾಳೆ ಅಂದ್ಕಂಡೆ. ನೀ ನಿಮ್ಮತ್ತೆ ಹೆಸರು ಬರ್ಸಿದೆ. ಆಸ್ಪತ್ರೇಲಿ ನರ್ಸು ದಿನಾ ಆ ಹೆಸರು ಕರ್ದು ಮಾತ್ರೆ ಕೊಡ್ತಿತ್ತು. ನಾನು ಹೂಂ ಅಂತಿದ್ದೆ.’

ನಾಚಿಕೆಯಾಯಿತು. ಸುತ್ತಿ ಬಳಸಿ ಹೇಳುವುದೇನಿದೆ, ಮುಖ ಎತ್ತಲಾಗದಷ್ಟು ನಾಚಿಕೆಯಾಯಿತು. ಅಷ್ಟು ಮಂದಿಯ ಎದುರು ಅಷ್ಟು ಸಲ ಈ ಹೆಂಗಸನ್ನು ನಗೆಪಾಟಲು ಮಾಡಿದ್ದೆನಲ್ಲ!

‘ಅಜ್ಜಿ, ಬರೆದಿದ್ರೆ ಇಲ್ಲಿ ಎಲ್ಲರಿಗೂ ತೊಂದರೆ ಆಗ್ತಿತ್ತು’ ಎಂದೆ ಕೊನೆಗೆ.

‘ಆಗ್ತಿತ್ತು. ನಂಗೆ ಗೊತ್ತಿಲ್ವಾ?’ ಎಂದಳು. ‘ಈಗ ಬರಿ. ಸುಮ್ನೆ ಒಂದು ಕಾಗದದಲ್ಲಿ ಬರಿ. ಎಲ್ಲೂ ಕಳಿಸ್ಬೇಡ. ನಾನು ಒಂದ್ಸಲ ನೋಡ್ತೀನಿ.’

ಚೀಲದಲ್ಲಿ ಬೇರೆ ಕಾಗದ ಇರಲಿಲ್ಲ. ಅದೇ ಕರಾವಳಿ ನಮೂನೆಯ ಉಳಿದ ಒಂದು ಪ್ರತಿ ಇತ್ತು. ಅದರ ಹಿಂದಿನ ಖಾಲಿ ಕಡೆ ದೊಡ್ಡ ಅಕ್ಷರದಲ್ಲಿ ಅವಳ ಹೆಸರು ಬರೆದೆ. ಅದರ ಕೆಳಗೆ ಬಲಗಾಲು ಮುರಿದಿದೆ, ಮನೆಯ ಗೋಡೆ ಬಿದ್ದಿದೆ ಎಂದು ಬರೆದೆ. ಆ ಹೆಸರನ್ನು ಇಲ್ಲಿಯೂ ಹೇಳಲಾರೆ. ಹನ್ನೊಂದು ಮನೆ ಈಗಲೂ ಹಾಗೆಯೇ ಇವೆ. ಅಜ್ಜಿಗೆ ಓದಲು ಬಾರದು. ಒಂದೊಂದು ಅಕ್ಷರದ ಮೇಲೂ ಬೆರಳಾಡಿಸಿ, ಇದು ಹೆಸರಾ, ಇದು ಕಾಲಾ, ಇದು ಗೋಡೆಯಾ ಎಂದು ಕೇಳಿ ತಿಳಿದುಕೊಂಡಳು. ಕಾಗದದ ನಾಲ್ಕೂ ಮೂಲೆ ನೋಡಿ, ತಿರುಗಿಸಿ ನೋಡಿದಳು.

‘ಸೀಲು ಇಲ್ವನೇ ತಂಗಿ ಇದಕ್ಕೆ?’ ಎಂದಳು.

‘ಸೀಲು ಕಚೇರೀಲಿದೆ ಅಜ್ಜಿ’ ಎಂದೆ.

‘ಹಂಗಾ’ ಎಂದು, ಅದನ್ನು ಸಣ್ಣಗೆ ಮಡಚಿ ಕುಂಕುಮದ ಭರಣಿಯೊಳಗೆ ಇಟ್ಟು ಮುಚ್ಚಿದಳು. ಅಜ್ಜ ಎಳನೀರು ಹಿಡಿದು ಬರುತ್ತಿದ್ದ.